ಹುಳದ ಮನೆಯ ಕಿಂಡಿ

ಧಾರವಾಡ
18 ನವೆಂಬರ್ 2024

ಅಮ್ಮನಿಗೆ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೀನಿ, ಬೈಯಬೇಡ. ಬೈದರೂ ಕಾಗದದಲ್ಲೇ ತಾನೆ ಬೈಯಬೇಕು. ನೂಲು ಬಿಚ್ಚುವ ಕಾರ್ಖಾನೆಯ ಸದ್ದಿನಲ್ಲಿ ಇಪ್ಪತ್ತು ವರ್ಷ ಕೂತ ನಿನ್ನ ಕಿವಿಗೆ ಫೋನು ಕೇಳಿಸುವುದಿಲ್ಲ. ಪಕ್ಕದ ಮನೆ ಭಾನುಪ್ರಿಯ ನಡುವೆ ನಿಂತು ನಮ್ಮಿಬ್ಬರ ಮಾತನ್ನು ಕೂಗಿ ಕೂಗಿ ದಾಟಿಸುವುದು, ಅದನ್ನು ಬೀದಿಯೆಲ್ಲ ಕೇಳುವುದು, ನಮ್ಮಿಬ್ಬರಿಗೂ ಬೇಕಿಲ್ಲ.

ರುದ್ರಪ್ರಸಾದರಿಗೆ ಡಿಸೆಂಬರಿನಲ್ಲಿ ಹನ್ನೆರಡು ದಿನ ರಜೆ. ಅವರ ಹುಚ್ಚು ನಿನಗೆ ಗೊತ್ತಲ್ಲ. ಹೊಸ ಹೋಟೆಲು ಕಂಡರೆ ಮೂಗು ಮುರಿಯುತ್ತಾರೆ. ಗೋಡೆ ಎರಡಡಿ ದಪ್ಪ ಇರಬೇಕು, ತೊಲೆಯಲ್ಲಿ ಗೆದ್ದಲಾದರೂ ಇರಬೇಕು, ಆಗಲೇ ಅವರಿಗೆ ನಿದ್ದೆ. ಈ ಸಲ ಕಾರಿನಲ್ಲಿ ನಮ್ಮ ಸೀಮೆಯನ್ನೇ ಸುತ್ತೋಣ ಅಂದೆ. ಹಳೇ ಕಟ್ಟಡಗಳನ್ನು ಹೋಟೆಲು ಮಾಡಿರುವ ಕಡೆಯೇ ಇಳಿದುಕೊಳ್ಳುವುದು. ಮಾಗಡಿಯಲ್ಲಿ ಒಂದು ಛತ್ರ, ಕನಕಪುರದ ಹತ್ತಿರ ದೊರೆಗಳ ಕಾಲದ ಬಂಗಲೆ, ಚನ್ನಪಟ್ಟಣದಲ್ಲಿ ಒಬ್ಬ ವ್ಯಾಪಾರಿಯ ತೊಟ್ಟಿ ಮನೆ. ಕೊನೆಯ ಮೂರು ದಿನ ಕೂಟಗಲ್ಲಿನ ಕಡೆ, ಪಟೇಲರ ಮನೆ.

ಹೌದು, ಅದೇ ಮನೆ. ಅಪ್ಪ ತೀರಿಕೊಂಡ ಮನೆ. ಪಟೇಲರ ಮೊಮ್ಮಕ್ಕಳು ಮಾರಿ ನಾಲ್ಕು ವರ್ಷವಾಯಿತಂತೆ. ನೀವಿಬ್ಬರೂ ಪಾಲಿಗೆ ರೇಷ್ಮೆ ಹುಳ ಸಾಕುತ್ತಿದ್ದ ಮಾಳಿಗೆಯೇ ಈಗ ಅಲ್ಲಿನ ದೊಡ್ಡ ರೂಮು. ಅದನ್ನೇ ಹಿಡಿದಿದ್ದೀನಿ.

ಈ ಹನ್ನೆರಡು ದಿನ ಇಬ್ಬರ ಫೋನೂ ಬಂದ್, ಕಾರಿನ ಡಬ್ಬಿಯೊಳಗೆ. ಇದು ರುದ್ರಪ್ರಸಾದರು ಹಾಕಿದ ಷರತ್ತು. ಬರೆಯಬೇಕು ಅನ್ನಿಸಿದರೆ ಎಲ್ಲ ಹೋಟೆಲುಗಳ ವಿಳಾಸ, ತಾರೀಖು ಹಿಂದಿನ ಪುಟದಲ್ಲಿದೆ. ಚನ್ನಪಟ್ಟಣದಲ್ಲಿದ್ದಾಗ ಒಂದು ಮಧ್ಯಾಹ್ನದ ಊಟಕ್ಕೆ ನಿನ್ನ ಹತ್ತಿರ ಬರುತ್ತೇವೆ.

ಸಿರಿ


ದೊಡ್ಡಮಳೂರು
26 ನವೆಂಬರ್ 2024

ಮಗಳು ಸಿರಿಗೆ,

ನಿನ್ನ ಕಾಗದ ಬಂದ ದಿನ ಸಾರಿಗೆ ಉಪ್ಪು ಎರಡು ಸಲ ಹಾಕಿದೆ. ಅಷ್ಟು ಸಂತೋಷವಾಯಿತು ಅಂತ ತಿಳಿದುಕೋ. ಅಳಿಯಂದಿರಿಗೆ ಮುದ್ದೆ ನುಂಗಲು ಬರುತ್ತದೋ ಇಲ್ಲವೋ? ಅವರ ಕಡೆಯ ಜೋಳದ ರೊಟ್ಟಿ ತಟ್ಟಲು ನನಗೆ ಬರುವುದಿಲ್ಲ. ಅವರೆಕಾಯಿ ಕಾಲ, ಹಿದುಕಿದ ಬೇಳೆ ಸಾರು ಮಾಡುತ್ತೇನೆ.

ಒಂದು ಮಾತು. ಕೂಟಗಲ್ಲಿನ ಆ ಮನೆ ಬೇಡ. ಅದು ನಮಗೆ ಆಗಿಬಂದ ಮನೆ ಅಲ್ಲ. ಊರಿನವರು ಆ ಮಾಳಿಗೆಯ ಬಗ್ಗೆ ಏನೇನೋ ಆಡುತ್ತಾರೆ, ಬರೆದು ಪ್ರಯೋಜನವಿಲ್ಲ. ಮೂರು ದಿನ ಇಲ್ಲೇ ಬಂದು ಇರಿ. ಮುಂದಿನ ಕೋಣೆಗೆ ಸುಣ್ಣ ಹೊಡೆಸುತ್ತೇನೆ. ಬೆಳಿಗ್ಗೆ ಎದ್ದರೆ ಅಪ್ರಮೇಯಸ್ವಾಮಿ ಗುಡಿಯ ಗೋಪುರ ಕಾಣುತ್ತದೆ, ನಮ್ಮ ಅಳಿಯಂದಿರಿಗೆ ಅದಕ್ಕಿಂತ ಹಳೇ ಕಟ್ಟಡ ಬೇಕೆ?

ಕೊಟ್ಟ ಮುಂಗಡ ಹೋದರೆ ಹೋಗಲಿ. ತಾಯಿ ಹೇಳಿದ ಒಂದು ಮಾತು ನಡೆಸಿಕೊಡು.

ನಿನ್ನ ತಾಯಿ
ಸರಸಮ್ಮ


ಮಾಗಡಿ
12 ಡಿಸೆಂಬರ್ 2024

ಅಮ್ಮನಿಗೆ,

ಛತ್ರದ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೀನಿ. ಹಿಂದೆ ದಾರಿಹೋಕರಿಗೆ ಪುಕ್ಕಟೆ ಅನ್ನ ಹಾಕುತ್ತಿದ್ದ ಜಾಗದಲ್ಲಿ ಈಗ ಒಂದು ಲೋಟ ಮಜ್ಜಿಗೆಗೆ ನೂರಿಪ್ಪತ್ತು ರೂಪಾಯಿ. ರುಬ್ಬುವ ಒರಳಿನಲ್ಲಿ ಚೆಂಡು ಹೂವಿನ ಗಿಡ ನೆಟ್ಟಿದ್ದಾರೆ, ಬಾಣಂತಿಯರ ಕೋಣೆಯಲ್ಲಿ ಮಸಾಜು ಮಾಡುತ್ತಾರೆ. ರುದ್ರಪ್ರಸಾದರು ಬಂದ ಹೊತ್ತಿನಿಂದ ಟೇಪು ಹಿಡಿದು ಬಾಗಿಲುಗಳನ್ನು ಅಳೆಯುತ್ತಿದ್ದಾರೆ. ಸರ್ವೆ ಇಲಾಖೆಯಲ್ಲಿರುವವಳು ನಾನು, ಅಳತೆಯ ಚಪಲ ಅವರಿಗೆ.

ಊಟದ ಮನೆಯ ನೆಲದಲ್ಲಿ ಒಂದು ಹಗೇವು ಇದೆ, ರಾಗಿ ತುಂಬಿಡುತ್ತಿದ್ದ ಆಳದ ಗುಂಡಿ. ಬಾಯಿಗೆ ದಪ್ಪ ಗಾಜು ಹಾಕಿ ಒಳಗೆ ದೀಪ ಬಿಟ್ಟಿದ್ದಾರೆ. ಅದರ ಮೇಲೆ ಮೇಜು ಹಾಕಿಸಿಕೊಂಡು ಉಂಡೆವು. ಕಾಲ ಕೆಳಗೆ ಅಷ್ಟು ಆಳ ಕಂಡು ನಾನು ಕುರ್ಚಿಯನ್ನು ಗಾಜಿನಿಂದ ಆಚೆಗೆ ಎಳೆದುಕೊಂಡೆ. ಬಡಿಸುತ್ತಿದ್ದ ಮುದುಕ ಮುನಿಯಪ್ಪನವರು ನಗುತ್ತಾ, ಹಿಂದೆ ಹಗೇವು ತೆಗೆದರೆ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು, ದೀಪ ಆರಿದರೆ ಮನುಷ್ಯರು ಇಳಿಯುತ್ತಿರಲಿಲ್ಲ ಅಂದರು. ಅವರ ಸೋದರಮಾವ ದೀಪ ಬಿಡದೆ ಇಳಿದು ಮೇಲೆ ಬರಲೇ ಇಲ್ಲವಂತೆ. ‘ಕೆಟ್ಟ ಗಾಳಿ ಕಣವ್ವಾ. ಕಣ್ಗೂ ಕಾಣಾಕಿಲ್ಲ, ಮೂಗ್ಗೂ ತಿಳಿಯಾಕಿಲ್ಲ’ ಅಂದರು.

ಆ ಮುದುಕರು ಹೇಳಿದ್ದು ನನಗೆ ಅರ್ಥವಾಯಿತು. ನೀನು ಬರೆದದ್ದು ಅರ್ಥವಾಗಲಿಲ್ಲ. ಆಗಿಬರದ ಮನೆ ಅಂದರೆ ಏನಮ್ಮ? ಅಪ್ಪ ಎದೆ ನೋವು ಬಂದು ಹೋದ ಅಂತ ನೀನು ಹೇಳುತ್ತೀಯ. ಮಾಳಿಗೆಯಲ್ಲಿ ಗಾಳಿ ಸೋಕಿತು ಅಂತ ಊರು ಹೇಳುತ್ತದೆ. ಎರಡರಲ್ಲಿ ಯಾವುದಕ್ಕೆ ಹೆದರಿ ಬೇಡ ಅನ್ನುತ್ತಿದ್ದೀಯ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ. ಹೇಳುವುದಿದ್ದರೆ ನೆಟ್ಟಗೆ ಹೇಳು, ಕೇಳುತ್ತೇನೆ. ಇಲ್ಲದಿದ್ದರೆ ನಾನು ಹೋಗುವವಳೇ.

ಹದಿನೈದಕ್ಕೆ ಕನಕಪುರದಲ್ಲಿರುತ್ತೇವೆ.

ಸಿರಿ


ದೊಡ್ಡಮಳೂರು
15 ಡಿಸೆಂಬರ್ 2024
(ಅಂಚೆಗೆ ಹಾಕದ ಕಾಗದ)

ಸಿರಿ,

ನೆಟ್ಟಗೆ ಹೇಳು ಅಂದೆ. ಹೇಳುತ್ತೇನೆ. ಬರೆದ ಮೇಲೆ ಇದನ್ನು ಏನು ಮಾಡುತ್ತೇನೋ ಗೊತ್ತಿಲ್ಲ.

ನಿನಗೆ ಆಗ ಎಂಟು ವರ್ಷ. ಇಂಥದ್ದೇ ಡಿಸೆಂಬರು, ನಾಲ್ಕು ದಿನದಿಂದ ಜಡಿಮಳೆ ಹಿಡಿದಿತ್ತು. ಹುಳ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಸೊಪ್ಪು ಹಾಕಿದಷ್ಟೂ ತಿನ್ನುತ್ತಿದ್ದವು. ಆ ಹೊತ್ತಿನಲ್ಲಿ ಥಂಡಿ ತಗುಲಿದರೆ ಬೆಳೆ ಹೋಯಿತು ಅಂತಲೇ. ಅದಕ್ಕೆ ನಿಮ್ಮಪ್ಪ ಮಾಳಿಗೆಯಲ್ಲಿ ಇದ್ದಿಲು ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದ. ಕೆಂಡ ಇಟ್ಟಾಗ ಸೂರಿನ ಕೆಳಗಿನ ಎರಡು ಕಿಂಡಿಗಳಲ್ಲಿ ಒಂದಾದರೂ ತೆರೆದಿರಬೇಕು. ಹುಳ ಸಾಕುವವರ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತು, ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನಾನೂ ನಿನಗೆ ಹೇಳಿಕೊಡಲಿಲ್ಲ.

ಹೇಳಿಕೊಟ್ಟದ್ದು ಇನ್ನೊಂದು. ಆ ವರ್ಷ ಊಜಿ ನೊಣದ ಕಾಟ. ಅದು ಬಂದು ಹುಳದ ಮೈಮೇಲೆ ಮೊಟ್ಟೆ ಇಟ್ಟರೆ ಗೂಡು ಕಟ್ಟುವ ಮೊದಲೇ ಹುಳ ಸಾಯುತ್ತದೆ. ನೊಣ ಕಂಡರೆ ಕಿಂಡಿ ಮುಚ್ಚು ಅಂತ ನಿನಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ತಟ್ಟೆ ಜೋಡಿಸುವ ಬಿದಿರಿನ ಅಟ್ಟಣಿಗೆ ದೊಡ್ಡವರ ಭಾರ ತಡೆಯುತ್ತಿರಲಿಲ್ಲ. ನೀನು ಅಳಿಲಿನ ಹಾಗೆ ಹತ್ತಿ ಹೋಗುತ್ತಿದ್ದೆ.

ಅವತ್ತು ಮಧ್ಯಾಹ್ನ ನಿಮ್ಮಪ್ಪ ಸೊಪ್ಪು ಹಾಕಿ, ಕೆಂಡ ಕೆದಕಿ, ಗೋಣಿತಾಟಿನ ಮೇಲೆ ಒಸಿ ಹೊತ್ತು ಒರಗಿದ. ನಾನು ಹಿಪ್ಪುನೇರಳೆ ತೋಟದಲ್ಲಿದ್ದೆ. ನೀನು ಮಳೆಯಲ್ಲಿ ನೆನೆದುಕೊಂಡು ಓಡಿ ಬಂದು, ‘ಅವ್ವಾ, ಎರಡೂ ಕಿಂಡಿ ಮುಚ್ಬುಟ್ಟೆ ಕಣವ್ವಾ, ಸಂದೀಗೂ ಬಟ್ಟೆ ತುರುಕ್ಬುಟ್ಟೆ, ಇನ್ನು ಒಂದ್ ನೊಣಾನೂ ಬರಾಕಿಲ್ಲ’ ಅಂದೆ. ನಾನು ಭೇಷ್ ಅಂದೆ. ಬೆನ್ನು ತಟ್ಟಿದೆ. ಕೆಂಡದ ನೆನಪು ನನಗೆ ಬರಲೇ ಇಲ್ಲ. ಇನ್ನೂ ಎರಡು ಹೊರೆ ಸೊಪ್ಪು ಕೊಯ್ದುಕೊಂಡು ಬಂದೆ.

ಬಂದಾಗ ಮುಗಿದಿತ್ತು. ಹುಳ ಒಂದೂ ಸತ್ತಿರಲಿಲ್ಲ. ಅಷ್ಟೂ ತಟ್ಟೆಯಲ್ಲಿ ಮಳೆ ಸುರಿದ ಸದ್ದಿನಂತೆ ಸೊಪ್ಪು ಮೇಯುತ್ತಿದ್ದವು. ಕೆಂಡದ ಗಾಳಿಯಾಗಿದ್ದರೆ ಹುಳ ಮೊದಲು ಸಾಯಬೇಕಿತ್ತು, ಇದು ಬೇರೆ ಗಾಳಿ ಅಂದಿತು ಊರು. ಆ ಗಾಳಿ ಮನುಷ್ಯರನ್ನು ಹಿಡಿದ ಹಾಗೆ ಹುಳವನ್ನು ಹಿಡಿಯುವುದಿಲ್ಲ ಅಂತ ನನಗೆ ಗೊತ್ತಿತ್ತು, ಆದರೂ ಅನ್ನಲಿ ಅಂತ ಬಿಟ್ಟೆ. ಸಾವಿಗೆ ಬಂದ ಹೆಂಗಸರಿಗೆಲ್ಲ ನೀನು, ಕಿಂಡಿ ಮುಚ್ಚಿದ್ದು ನಾನು ಅಂತ ಜಂಬದಿಂದ ಹೇಳಿಕೊಂಡು ತಿರುಗುತ್ತಿದ್ದೆ. ನಿನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ, ಈ ಮಾತು ಯಾರಿಗೂ ಹೇಳಬೇಡ ಅಂದೆ. ಯಾರಾದರೂ ಲೆಕ್ಕ ಕೂಡಿಸಿ ನಿನಗೆ ಅಪ್ಪನನ್ನು ಕೊಂದವಳು ಅಂತ ಹೆಸರಿಟ್ಟರೆ? ಹದಿಮೂರನೇ ದಿನಕ್ಕೆ ತುಮಕೂರಿನ ಹಾಸ್ಟೆಲ್ಲಿಗೆ ಸೇರಿಸಿದೆ. ಅದಕ್ಕೆ ನೀನು ನನ್ನನ್ನು ಇವತ್ತಿಗೂ ಕ್ಷಮಿಸಿಲ್ಲ. ಬೇಡ. ನೀನು ಅದನ್ನೆಲ್ಲ ಮರೆತೆಯಲ್ಲ, ನನಗೆ ಅಷ್ಟು ಸಾಕು. ಆ ಮಾಳಿಗೆಯಲ್ಲಿ ನಿಂತು ಕಿಂಡಿ ನೋಡಿದರೆ ನೆನಪು ಬಂದುಬಿಡುತ್ತದೇನೋ ಅಂತಲೇ ನನಗೆ ಭಯ.

ಇದನ್ನು ಕಳಿಸಲಾರೆ.


ದೊಡ್ಡಮಳೂರು
15 ಡಿಸೆಂಬರ್ 2024

ಮಗಳು ಸಿರಿಗೆ,

ಕಾಗದ ತಲುಪಿತು. ಹೇಳಲು ಏನೂ ಇಲ್ಲ. ಮೂರು ದಿನದಿಂದ ಕೆಟ್ಟ ಕನಸು ಬೀಳುತ್ತಿದೆ, ಗುಡಿಯಲ್ಲಿ ಪ್ರಶ್ನೆ ಕೇಳಿಸಿದೆ, ಉತ್ತರದ ದಿಕ್ಕು ಬೇಡ ಅಂತ ಬಂತು. ಹೋಗಲೇಬೇಕು ಅಂದರೆ ಕೆಳಗಿನ ಕೋಣೆ ತೆಗೆದುಕೊಳ್ಳಿ, ಮಾಳಿಗೆ ಬೇಡ. ಊಟಕ್ಕೆ ಬಂದಾಗ ಮಾತಾಡೋಣ.

ನಿನ್ನ ತಾಯಿ
ಸರಸಮ್ಮ


ಕನಕಪುರ
18 ಡಿಸೆಂಬರ್ 2024

ಅಮ್ಮನಿಗೆ,

ಕನಸು, ದಿಕ್ಕು! ಇದಕ್ಕೇನಾ ನಾನು ಕಾದಿದ್ದು? ಇಪ್ಪತ್ತು ವರ್ಷ ದುಡಿದು ನನ್ನನ್ನು ಓದಿಸಿದವಳು ನೀನು. ಗುಡಿಯಲ್ಲಿ ಕೇಳಿಸುವ ಚಾಳಿ ನಿನಗೆ ಯಾವಾಗ ಹತ್ತಿತು? ನನಗೆ ಕೋಪ ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ. ನನ್ನ ಹತ್ತಿರ ನೀನು ಏನನ್ನೋ ಮುಚ್ಚಿಡುತ್ತೀಯ ಅಂತ ಗೊತ್ತಿದ್ದೇ ಇಷ್ಟು ವರ್ಷ ನಾನು ದೂರ ಇದ್ದದ್ದು.

ಬಂಗಲೆ ಚೆನ್ನಾಗಿಲ್ಲ. ಗೋಡೆಯ ತುಂಬ ಸತ್ತ ಪ್ರಾಣಿಗಳ ತಲೆ, ಎಲ್ಲಿ ಕೂತರೂ ಯಾವುದೋ ಒಂದು ಕಣ್ಣು ನಮ್ಮ ಮೇಲೆ. ಮೂರು ದಿನದಿಂದ ಬಿಸಿಲಿಲ್ಲ, ಹಾಸಿಗೆಯೆಲ್ಲ ತಣ್ಣಗೆ. ರುದ್ರಪ್ರಸಾದರಿಗೆ ನೆಗಡಿ ಕೆಮ್ಮು.

ಚನ್ನಪಟ್ಟಣದ ತೊಟ್ಟಿ ಮನೆಗೆ ಬಣ್ಣ ಹೊಡೆಯುತ್ತಿದ್ದಾರಂತೆ, ಬರಬೇಡಿ ಅಂದರು. ಹಾಗಾಗಿ ಇಲ್ಲೇ ಇನ್ನೆರಡು ದಿನ ಇದ್ದು ಇಪ್ಪತ್ತಕ್ಕೆ ನೆಟ್ಟಗೆ ಕೂಟಗಲ್ಲಿಗೆ ಹೋಗುತ್ತೇವೆ. ಊಟಕ್ಕೆ ಬರುವುದಿಲ್ಲ. ಈಗ ಬಂದರೆ ಜಗಳವೇ ಆಗುತ್ತದೆ.

ಕೂಟಗಲ್ಲಿನ ಮ್ಯಾನೇಜರು ಸ್ವಾಮಿ ಅಂತ, ಇಲ್ಲಿಯ ಫೋನಿಗೆ ಮಾತಾಡಿದರು. ಮಾಳಿಗೆಯ ರೂಮಿಗೆ ‘ಹುಳದ ಮನೆ’ ಅಂತಲೇ ಹೆಸರಿಟ್ಟಿದ್ದಾರೆ. ಎ.ಸಿ.ಗೆ ಅಂತ ಕಿಟಕಿ ಕಿಂಡಿಗಳಿಗೆಲ್ಲ ಗಾಜು ಬಿಗಿದಿದ್ದಾರೆ, ಒಂದು ಸೊಳ್ಳೆಯೂ ನುಸುಳುವುದಿಲ್ಲವಂತೆ. ಈ ಚಳಿಗೆ ಹಳೇ ಕಾಲದ ರೀತಿಯಲ್ಲೇ ಇದ್ದಿಲು ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಡುತ್ತಾರಂತೆ, ಹೊಗೆ ಇಲ್ಲ, ವಾಸನೆ ಇಲ್ಲ. ಹೋದ ತಿಂಗಳಷ್ಟೇ ಶುರು ಮಾಡಿದ್ದು, ನಾವೇ ಮೊದಲ ಗಿರಾಕಿಗಳ ಪೈಕಿ. ನೆಗಡಿಯವರಿಗೆ ಅದೇ ಸರಿ ಅಂತ ಇವರು ಈಗಲೇ ಕುಣಿಯುತ್ತಿದ್ದಾರೆ.

ಸಿರಿ


ದೊಡ್ಡಮಳೂರು
21 ಡಿಸೆಂಬರ್ 2024, ಮಧ್ಯಾಹ್ನ ಎರಡು ಗಂಟೆ

ಸಿರಿ,

ಮೊದಲು ಅಗ್ಗಿಷ್ಟಿಕೆ ಹೊರಗೆ ಇಡಿಸು. ಬಾಗಿಲು ತೆಗೆ, ಗಾಜು ಒಡೆದು ಹಾಕು. ಅಳಿಯಂದಿರು ಮಲಗಿದ್ದರೆ ಎಬ್ಬಿಸಿ ಹೊರಗೆ ಕರೆದುಕೊಂಡು ಬಾ. ಆಮೇಲೆ ಮುಂದೆ ಓದು.

ನಿನ್ನ ಕಾಗದ ಈಗ ತಾನೆ ಕೈಗೆ ಬಂತು. ಭಾನು ಕೈಲಿ ಹೋಟೆಲಿಗೆ ಫೋನು ಮಾಡಿಸಿದೆ. ಕೆಂಡ ಇಡಬೇಡಿ ಅಂತ ಅವಳು ಕೂಗಿ ಹೇಳಿದರೆ, ಆಯ್ತು ಮೇಡಂ, ಹೇಳ್ತೀವಿ ಅಂದು ನಕ್ಕು ಇಟ್ಟರಂತೆ. ಆಮೇಲೆ ಎತ್ತಲೇ ಇಲ್ಲ. ಅದಕ್ಕೆ ಆಟೋ ಮಹೀನನ ಕೈಲಿ ಈ ಕಾಗದ ಕಳಿಸುತ್ತಿದ್ದೀನಿ. ಎಲ್ಲೂ ನಿಲ್ಲಿಸಬೇಡ, ಸಿರಿಯ ಕೈಗೇ ಕೊಡು ಅಂದಿದ್ದೀನಿ. ನಾನೂ ಆಟೋ ಹತ್ತುತ್ತಿದ್ದೆ. ಆ ಮೆಟ್ಟಿಲು ಹತ್ತಲು ನನ್ನ ಕಾಲು ಬರುವುದಿಲ್ಲ.

ಮುಚ್ಚಿದ ಕೋಣೆಯಲ್ಲಿ ಇದ್ದಿಲು ಕೆಂಡ ಇಟ್ಟರೆ ಗಾಳಿ ವಿಷವಾಗುತ್ತದೆ. ಹೊಗೆ ಇಲ್ಲ, ವಾಸನೆ ಇಲ್ಲ ಅಂತ ಆ ಮ್ಯಾನೇಜರು ಹೇಳಿದ್ದು ನಿಜ, ಅದಕ್ಕೇ ಗೊತ್ತಾಗುವುದಿಲ್ಲ. ತಲೆ ಭಾರ ಬರುತ್ತದೆ, ಹಾಯಾಗಿ ನಿದ್ದೆ ಬರುತ್ತದೆ, ಅಷ್ಟೇ. ನಿಮ್ಮಪ್ಪ ಎದೆ ನೋವಿನಿಂದ ಹೋಗಲಿಲ್ಲ. ಯಾವ ದೆವ್ವವೂ ಅವನನ್ನು ಸೋಕಲಿಲ್ಲ. ಅದೇ ಮಾಳಿಗೆಯಲ್ಲಿ, ಅದೇ ಕೆಂಡದಿಂದ ಹೋದ.

ಕಿಂಡಿ ಮುಚ್ಚಿದ್ದು ನಾನು. ಊಜಿ ನೊಣ ಬಂತು ಅಂತ ಏಣಿ ಹಾಕಿ ಹತ್ತಿ ಎರಡನ್ನೂ ಮುಚ್ಚಿ, ಬಟ್ಟೆ ತುರುಕಿ ಸೊಪ್ಪಿಗೆ ಹೋದೆ. ಕೆಂಡ ಇರುವುದು ಮರೆತೆ. ಈ ಕೈಯಿಂದಲೇ ಆಯಿತು. ಮೂವತ್ತು ವರ್ಷ ಹೇಳದೆ ಇದ್ದದ್ದು ಅದಕ್ಕೆ. ನೀನು ಏನು ಬೇಕಾದರೂ ಅಂದುಕೋ, ನನ್ನ ಮುಖ ನೋಡಬೇಡ, ಆದರೆ ಆ ರೂಮಿನಿಂದ ಹೊರಗೆ ಬಾ.

ಸರಸಮ್ಮ


ರಾಮನಗರ, ಆಸ್ಪತ್ರೆ
23 ಡಿಸೆಂಬರ್ 2024

ಅವ್ವ,

ರುದ್ರಪ್ರಸಾದರು ಬದುಕಿದ್ದಾರೆ. ಅದನ್ನೇ ಮೊದಲು ಬರೆಯುತ್ತಿದ್ದೀನಿ. ಮಹೀನ್ ಶನಿವಾರವೇ ಬಂದು ಹೇಳಿರುತ್ತಾರೆ, ಆದರೂ ನನ್ನ ಕೈಯಿಂದ ಬರಲಿ ಅಂತ.

ಮಹೀನ್ ಬಂದಾಗ ಮೂರೂವರೆ. ಜಿನುಗು ಮಳೆ. ನಾನು ಅಂಗಳದ ಹಜಾರದಲ್ಲಿ ಟೀ ಹಿಡಿದು ಕೂತಿದ್ದೆ, ಹಿಂದಿನ ಸಂಜೆ ಒಂದಿಷ್ಟು ಹೊತ್ತು ಕೆಂಡ ಇಡಿಸಿಕೊಂಡಾಗಿನಿಂದ ತಲೆ ಸಿಡಿಯುತ್ತಿತ್ತು, ದಾರಿಯ ಆಯಾಸ ಅಂದುಕೊಂಡಿದ್ದೆ. ಇವರು ಊಟ ಮಾಡಿ, ಚಳಿ ಅಂತ ಅಗ್ಗಿಷ್ಟಿಕೆ ತರಿಸಿಕೊಂಡು ಮೇಲೆ ಮಲಗಿದ್ದರು. ಮೊದಲ ಸಾಲು ಓದಿದೆ, ಎರಡನೆಯದು ಓದಲಿಲ್ಲ. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಎಷ್ಟು ಬಡಿದರೂ ದನಿ ಇಲ್ಲ. ಮಹೀನ್, ಸ್ವಾಮಿ ಇಬ್ಬರೂ ಹೆಗಲು ಕೊಟ್ಟು ಒಡೆದರು. ಇವರು ಮಗ್ಗುಲಾಗಿ ಮಲಗಿದ್ದರು, ಕೆನ್ನೆ ಕೆಂಪಗೆ, ನೋಡಿದವರು ಒಳ್ಳೆಯ ನಿದ್ದೆ ಅನ್ನಬೇಕು. ಎಳೆದು ಹೊರಗೆ ಹಾಕಿದೆವು. ಇನ್ನು ಅರ್ಧ ಗಂಟೆ ಹೋಗಿದ್ದರೆ ಆಗುತ್ತಿರಲಿಲ್ಲ ಅಂದರು ಡಾಕ್ಟರು. ನಿನ್ನೆ ಪೂರ್ತಿ ಆಮ್ಲಜನಕದಲ್ಲಿ ಇಟ್ಟಿದ್ದರು. ಇವತ್ತು ಬೆಳಿಗ್ಗೆ ನನ್ನ ಹೆಸರು ಹಿಡಿದು ಕರೆದರು. ಲೋಟ ಹಿಡಿಯಲು ಇನ್ನೂ ಬರುವುದಿಲ್ಲ.

ನಿನ್ನ ಕಾಗದದ ಉಳಿದದ್ದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಓದಿದೆ.

ಏಣಿ ಎಲ್ಲಿತ್ತು ಅವ್ವ? ಆ ಮಾಳಿಗೆಯಲ್ಲಿ ಏಣಿಯೇ ಇರಲಿಲ್ಲ. ಬಿದಿರಿನ ಮೇಲೆ ಹತ್ತುತ್ತಿದ್ದವಳು ನಾನು ಒಬ್ಬಳೇ. ಬಲಗಡೆಯ ಕಿಂಡಿಯ ಸಂದಿಗೆ ನಿನ್ನ ಹಸಿರು ರವಿಕೆ ತುರುಕಿದೆ. ನಾನು ಏನನ್ನೂ ಮರೆತಿಲ್ಲ. ಯಾರಿಗೂ ಹೇಳಬೇಡ ಅಂದೆಯಲ್ಲ, ಹೇಳಲಿಲ್ಲ. ಹಾಸ್ಟೆಲ್ಲಿನಲ್ಲಿ ಹೇಳಲಿಲ್ಲ, ಮದುವೆಯಾದ ಮೇಲೆ ಇವರಿಗೆ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ಕಿಂಡಿ ಮುಚ್ಚಿದ್ದಕ್ಕೂ ಅಪ್ಪ ಹೋದದ್ದಕ್ಕೂ ಏನೋ ಸಂಬಂಧ ಇದೆ ಅಂತ ಮಾತ್ರ ಗೊತ್ತಿತ್ತು, ಏನು ಅಂತ ಗೊತ್ತಿರಲಿಲ್ಲ. ಆ ರೂಮು ಹಿಡಿದದ್ದು ಅದನ್ನು ತಿಳಿಯಲಿಕ್ಕೆ. ಇಲ್ಲವೇ ನೀನೇ ಹೆದರಿ ಬಾಯಿ ಬಿಡಲಿ ಅಂತ. ಅದಕ್ಕಾಗಿ ಇವರನ್ನು ಆ ಕೋಣೆಯಲ್ಲಿ ಮಲಗಿಸಿದೆ.

ಈಗ ತಿಳಿಯಿತು. ತಿಳಿಯದೆ ಇದ್ದಿದ್ದರೆ ಚೆನ್ನಾಗಿತ್ತು ಅಂತಲೂ ಅನ್ನಿಸುತ್ತಿದೆ. ಎಂಟು ವರ್ಷದ ಹುಡುಗಿಯದು ತಪ್ಪಲ್ಲ ಅಂತ ಯಾರಾದರೂ ಹೇಳುತ್ತಾರೆ, ನಾನೂ ಬೇರೆಯವರ ಮಗುವಿಗೆ ಹಾಗೇ ಹೇಳುತ್ತಿದ್ದೆ. ನಾನು ಅತ್ತಿದ್ದೀನಿ, ನರ್ಸಮ್ಮ ಬಂದು ಆಚೆ ಹೋಗಿ ಅನ್ನುವಷ್ಟು.

ನನಗೆ ಒಂದೇ ಒಂದು ತಿಳಿಯಬೇಕು. ತುಮಕೂರಿನಲ್ಲಿ ನನ್ನನ್ನು ಬಿಟ್ಟು ಗೇಟಿನ ತನಕ ನಡೆದು ಹೋದೆಯಲ್ಲ, ಒಂದು ಸಲವೂ ತಿರುಗಿ ನೋಡಲಿಲ್ಲ. ಅದು ಊರಿನವರ ಬಾಯಿಂದ ನನ್ನನ್ನು ಉಳಿಸಲಿಕ್ಕೋ, ಅಪ್ಪನನ್ನು ತೆಗೆದವಳ ಮುಖ ನೋಡಲು ಆಗದೆಯೋ? ಮೂವತ್ತು ವರ್ಷದಿಂದ ಎರಡನೆಯದೇ ನಿಜ ಅಂದುಕೊಂಡು ಬದುಕಿದ್ದೀನಿ.

ಇದಕ್ಕೆ ಉತ್ತರ ಬರೆಯಬೇಡ. ಕಾಗದದಲ್ಲಿ ನೀನು ಸುಳ್ಳು ಬರೆಯುತ್ತೀಯ. ನಾಳೆ ಬೆಳಿಗ್ಗೆ ಇವರನ್ನು ಡಾಕ್ಟರಿಗೆ ಒಪ್ಪಿಸಿ ಬರುತ್ತೇನೆ. ನೀನು ಏನೂ ಹೇಳಬೇಕಾಗಿಲ್ಲ. ಬಾಗಿಲು ತೆಗೆದು ನನ್ನನ್ನು ನೋಡು, ನೋಡುವಾಗ ನಿನ್ನ ಮುಖ ಹೇಗಿರುತ್ತದೋ ನೋಡಿಕೊಳ್ಳುತ್ತೇನೆ.

ಸಿರಿ